ಗಂಟಲಿನ ಊರಲ್ಲಿ ಕರುಳಿನ ಮಾತು



ಅಕ್ಕಲಕೋಟೆ ಕಡೆ ಒಕ್ಕಲುತನ ಮಾಡಿಕೊಂಡಿದ್ದ ನನ್ನ ಸೋದರಮಾವ ಒಂದು ಸುಗ್ಗಿಯಲ್ಲಿ, “ಖಡಕ್ ರೊಟ್ಟಿ ಎದಿಯೊಳಗ ಹಿಡೀತದಪಾ” ಅಂದರು. ಖಡಕ್ ರೊಟ್ಟಿ ಬಿಟ್ಟು ಬಿಸಿ ರೊಟ್ಟಿ ತಿಂದರು. ಆಮೇಲೆ ಅದನ್ನೂ ಸಾರಿನಲ್ಲಿ ನೆನೆಸಿ ತಿಂದರು. ಎರಡು ತಿಂಗಳು ಕಳೆಯುವುದರೊಳಗೆ ಅಂಬಲಿಗೆ ಬಂದು ನಿಂತರು. ವಾಯು ಇರಬೇಕು, ಪಿತ್ತ ಇರಬೇಕು ಎಂದು ಮನೆಯವರೆಲ್ಲ ಹೇಳಿದೆವು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನೂ ಹಾಗೇ ಹೇಳಿದೆ. ಸೊಲ್ಲಾಪುರಕ್ಕೆ ಕರೆದೊಯ್ದು ಗಂಟಲಲ್ಲಿ ದುರ್ಬೀನು ಇಳಿಸಿ ನೋಡಿಸುವ ಹೊತ್ತಿಗೆ ಗಡ್ಡೆ ದಾರಿಯನ್ನು ಮುಚ್ಚಿಬಿಟ್ಟಿತ್ತು. ಮಾವ ಹೋದ ಮೇಲೆ ನಾನು ಓದಿ ತಿಳಿದದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ನಾವು ಅನ್ನನಾಳ ಅನ್ನುವುದನ್ನೇ ಮರಾಠಿಯಲ್ಲಿ ಅನ್ನನಲಿಕಾ ಅನ್ನುತ್ತಾರೆ. ಗೇಣಿಗಿಂತ ತುಸು ಉದ್ದ, ಸುಮಾರು 25 ಸೆಂಟಿಮೀಟರ್. ಅದರ ಒಳಗೋಡೆಯ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಎಂಬ ನೂಲಿದೆ. ಅದು ತುಂಬಿಕೊಂಡಿರುವ ಕೋಶಕೇಂದ್ರವೋ, ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟೂ ಇಲ್ಲ. ಹೇಗೆ ಹಿಡಿಸಿತು? ಚಾದರು ನೇಯುವವರ ಮನೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂಲನ್ನು ಸುತ್ತಿಟ್ಟರೆ ಹಿಡಿಸುತ್ತದೆ. ಇಲ್ಲಿ ಸುತ್ತುವ ಉರುಳೆಗಳಿಗೆ ಹಿಸ್ಟೋನ್ ಎಂಬ ಪ್ರೋಟೀನುಗಳೇ ಸಾಮಗ್ರಿ. ಎಂಟು ಹಿಸ್ಟೋನ್ ಸೇರಿ ಒಂದು ಉರುಳೆ, ಅದರ ಮೇಲೆ ನೂಲಿನ ಒಂದೂವರೆ ಸುತ್ತಿಗಿಂತ ಸ್ವಲ್ಪ ಹೆಚ್ಚು. ಈ ರಚನೆಯನ್ನು ರೋಜರ್ ಕಾರ್ನ್‌ಬರ್ಗ್ 1974ರಲ್ಲಿ ವಿವರಿಸಿದರು. ನೂಲು, ಉರುಳೆ ಎಲ್ಲ ಸೇರಿದ ಈ ಸರಂಜಾಮಿಗೆ ಕ್ರೊಮ್ಯಾಟಿನ್ ಎಂದು ಹೆಸರು. ಬಣ್ಣ ಹಾಕಿದರೆ ಚೆನ್ನಾಗಿ ಹೀರಿಕೊಳ್ಳುತ್ತದೆಂದು ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1880ರ ಸುಮಾರಿಗೆ ಇಟ್ಟ ಹೆಸರದು.

ನೂಲು ಬಿಗಿಯಾಗಿ ಸುತ್ತಿದ ಕಡೆ ಬರೆದಿರುವ ಜೀನನ್ನು ಜೀವಕೋಶ ಓದಲಾರದು. ಸಡಿಲಾಗಿದ್ದ ಕಡೆ ಓದಬಲ್ಲದು. ಎಲ್ಲಿ ಬಿಗಿ, ಎಲ್ಲಿ ಸಡಿಲು ಎಂಬುದನ್ನು ಚಿಕ್ಕ ಚಿಕ್ಕ ರಾಸಾಯನಿಕ ಚೀಟಿಗಳು ಗೊತ್ತುಮಾಡುತ್ತವೆ. ಹಿಸ್ಟೋನಿಗೆ ಅಸಿಟೈಲ್ ಚೀಟಿ ಹಚ್ಚಿದರೆ ಸುತ್ತು ಸಡಿಲಾಗುತ್ತದೆ, ಕಿತ್ತರೆ ಬಿಗಿಯುತ್ತದೆ. ಮಿಥೈಲ್ ಎಂಬ ಚೀಟಿ ನೂಲಿನ ಮೇಲೆಯೇ, ಜೀನ್ ಶುರುವಾಗುವ ಜಾಗದಲ್ಲಿ ಕೂತರೆ ಆ ಜೀನಿಗೆ ಬೀಗ ಬಿದ್ದಂತೆ.

ನಾವು ಗಡಿಯ ಜನ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಸಂತೆಗೆ ಹೋದಾಗ ಕನ್ನಡ ಮರೆತಿರುತ್ತೇವೆಯೆ? ಇಲ್ಲ, ಮುಚ್ಚಿಟ್ಟಿರುತ್ತೇವೆ. ಜೀವಕೋಶವೂ ಹಾಗೆಯೇ. ಗಂಟಲಿನ ಕೋಶದಲ್ಲಿ ಕರುಳಿನ ಜೀನುಗಳೂ ಇವೆ, ಮುಚ್ಚಿವೆ ಅಷ್ಟೆ. ವರ್ಷಗಟ್ಟಲೆ ಹುಳಿತೇಗು ಬಂದು ಹೊಟ್ಟೆಯ ಆಮ್ಲ ಮೇಲೆ ಉಕ್ಕುವ ಕೆಲವರಲ್ಲಿ, ಅನ್ನನಾಳದ ಕೆಳತುದಿಯ ಕೋಶಗಳ ಜಾಗದಲ್ಲಿ ಕರುಳಿನದರಂಥ ಕೋಶಗಳು ಬಂದು ಕೂಡುತ್ತವೆ. ಇದಕ್ಕೆ ಬ್ಯಾರೆಟ್ ಅನ್ನನಾಳ ಎನ್ನುತ್ತಾರೆ. ಮುಂದೆ ಇದು ಕೆಲವರಲ್ಲಿ, ಎಲ್ಲರಲ್ಲಿ ಅಲ್ಲ, ಕ್ಯಾನ್ಸರ್ ಆಗುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವಿಜ್ಞಾನಿಗಳು 2019ರಲ್ಲಿ ಒಂದು ಸಂಗತಿ ತೋರಿಸಿದರು. ಕರುಳಿನ ಜೀನುಗಳನ್ನು ನಡೆಸುವ ಎಚ್‌ಎನ್‌ಎಫ್4ಎ ಎಂಬ ಪ್ರೋಟೀನನ್ನು ಅನ್ನನಾಳದ ಸಾಮಾನ್ಯ ಕೋಶಗಳಲ್ಲಿ ಉತ್ಪತ್ತಿ ಮಾಡಿಸಿದಾಗ, ಬ್ಯಾರೆಟ್‌ನಲ್ಲಿ ತೆರೆದಿರುವ ಎಷ್ಟೋ ಜಾಗಗಳಲ್ಲಿ ಕ್ರೊಮ್ಯಾಟಿನ್ ತಾನಾಗಿ ಬಿಚ್ಚಿಕೊಂಡಿತು. ಊರು ಗಂಟಲಿನದು, ಮಾತು ಕರುಳಿನದು!

ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ಬಗೆ, ಒಳಗೋಡೆಯ ಚಪ್ಪಟೆ ಕೋಶಗಳಲ್ಲಿ ಹುಟ್ಟುವಂಥದು. ಮಾವನಿಗೆ ಬಂದದ್ದು ಇದೇ. ಚೀನಾದ ವಿಜ್ಞಾನಿಗಳು ಇಂಥ ಗಡ್ಡೆಗಳ ಡಿಎನ್‌ಎ ಓದಿ 2014ರಲ್ಲಿ ಪ್ರಕಟಿಸಿದರು. ಹಲವು ಗಡ್ಡೆಗಳಲ್ಲಿ ಕೆಟ್ಟಿದ್ದು ಹಿಸ್ಟೋನಿಗೆ ಚೀಟಿ ಹಚ್ಚುವ ಜೀನುಗಳೇ. ಕಚೇರಿಯ ಒಂದು ಕಾಗದ ಹರಿದರೆ ಒಂದು ಕಾಗದದ ನಷ್ಟ. ಯಾವ ಕಪಾಟು ತೆರೆಯಬೇಕು, ಯಾವುದು ಮುಚ್ಚಬೇಕು ಎಂದು ನೋಡುವ ಕಾರಕೂನನೇ ಬುದ್ಧಿಗೆಟ್ಟರೆ? ಇನ್ನು ಪಿ16 ಎಂಬ ಜೀನು ಕೋಶದ ಬೆಳವಣಿಗೆಗೆ ಬ್ರೇಕು ಇದ್ದಂತೆ. ಅನ್ನನಾಳದ ಎಷ್ಟೋ ಗಡ್ಡೆಗಳಲ್ಲಿ ಮಿಥೈಲ್ ಚೀಟಿಗಳು ಅದರ ಮೇಲೆ ಕೂತು ಬೀಗ ಹಾಕಿರುತ್ತವೆ. ಬ್ರೇಕು ಮುರಿದಿಲ್ಲ, ಕೈಗೆ ಸಿಗುತ್ತಿಲ್ಲ.

ಇದಕ್ಕೆಲ್ಲ ದಾರಿ ಮಾಡಿಕೊಡುವುದರಲ್ಲಿ ತಂಬಾಕು ಮುಂದು. ಸುಣ್ಣ ಸೇರಿಸಿ ದವಡೆಗಿಟ್ಟುಕೊಳ್ಳುವ ತಂಬಾಕು, ಅದನ್ನು ಹಾಕಿದ ಎಲೆಯಡಿಕೆ, ನಮ್ಮ ತಾಯಂದಿರು ಹಲ್ಲಿಗೆ ತಿಕ್ಕುವ ಮಿಶ್ರಿ ಯಾವುದೂ ಹೊರತಲ್ಲ. ಮಿಶ್ರಿಯನ್ನು ಹಲ್ಲಿನ ಔಷಧ ಎಂದೇ ನಂಬಿದವರು ನಮ್ಮಲ್ಲಿ ಎಷ್ಟು ಜನ! ಬೀಡಿ, ಸೆರೆ ಕೂಡಿದರಂತೂ ಅಪಾಯ ಇನ್ನೂ ಹೆಚ್ಚು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳೂ ಕ್ಯಾನ್ಸರ್ ತರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿತು. ಚಹಾ ಬಿಡಬೇಕಿಲ್ಲ, ಬಸಿಗೆ ಸುರಿದು ಆರಿಸಿ ಕುಡಿಯುವ ನಮ್ಮ ಹಿರಿಯರ ಪದ್ಧತಿಯೇ ಸರಿ.

ನೂಲಿನಲ್ಲಿ ಬರೆದ ಅಕ್ಷರ ಕೆಟ್ಟರೆ ತಿದ್ದುವುದು ಬಹಳ ಕಷ್ಟ. ಚೀಟಿಯನ್ನಾದರೆ ಕಿತ್ತು ಬೇರೆ ಹಚ್ಚಬಹುದು. ಈ ಆಸೆಯಿಂದಲೇ ಔಷಧಿಗಳ ಹುಡುಕಾಟ ನಡೆದಿದೆ. ಅಸಿಟೈಲ್ ಚೀಟಿ ಕೀಳುವುದನ್ನು ತಡೆಯುವ ವೊರಿನೋಸ್ಟಾಟ್ ಎಂಬ ಔಷಧಿಗೆ ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಚರ್ಮದಲ್ಲಿ ಕಾಣುವ ಒಂದು ಬಗೆಯ ಲಿಂಫೋಮಾಕ್ಕೆ. ಅನ್ನನಾಳದ ಮಟ್ಟಿಗೆ ಇಂಥವು ಇನ್ನೂ ಪ್ರಯೋಗದ ಹಂತ ದಾಟಿಲ್ಲ. ಹೀಗಾಗಿ ಯಾರಾದರೂ ಇದನ್ನು ಖಚಿತ ಮದ್ದು ಎಂದು ಮಾರಲು ಬಂದರೆ ಕೊಳ್ಳಬೇಡಿ.

ಇಂಗ್ಲೆಂಡಿನಲ್ಲಿ ಬ್ಯಾರೆಟ್ ಪತ್ತೆಗೆ ಒಂದು ಸರಳ ಉಪಾಯ ಮಾಡಿದ್ದಾರೆ. ದಾರ ಕಟ್ಟಿದ ಗುಳಿಗೆ ನುಂಗಿಸುತ್ತಾರೆ. ಹೊಟ್ಟೆಯಲ್ಲಿ ಗುಳಿಗೆ ಕರಗಿ ಒಳಗಿನ ಸ್ಪಂಜು ಅರಳುತ್ತದೆ. ದಾರ ಹಿಡಿದು ಮೇಲಕ್ಕೆಳೆದರೆ ದಾರಿಯುದ್ದಕ್ಕೂ ಕೋಶಗಳನ್ನು ಅಂಟಿಸಿಕೊಂಡು ಬರುತ್ತದೆ. ಆ ಕೋಶಗಳಲ್ಲಿ ಕರುಳಿನ ಕಡೆಯ ಟಿಎಫ್‌ಎಫ್3 ಎಂಬ ಪ್ರೋಟೀನು ಇದೆಯೇ ಎಂದು ನೋಡುತ್ತಾರೆ. ಎಂದಿನ ತಪಾಸಣೆಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಜನರಲ್ಲಿ ಇದರಿಂದ ಬ್ಯಾರೆಟ್ ಪತ್ತೆಯಾಯಿತೆಂದು 2020ರಲ್ಲಿ ವರದಿಯಾಯಿತು.

ಮಾವನ ಬಗೆ ಬೇರೆ, ಅವರಿಗೆ ಆ ಪರೀಕ್ಷೆಯಿಂದ ಉಪಯೋಗ ಆಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಸೊಲ್ಲಾಪುರದ ಅದೇ ದುರ್ಬೀನು, ಖಡಕ್ ರೊಟ್ಟಿ ಹಿಡಿದ ಮೊದಲ ವಾರದಲ್ಲೇ. ನಮ್ಮೂರಿಂದ ಅಲ್ಲಿಗೆ ದಿನಾ ಬಸ್ಸಿತ್ತು.