ಕುದುರೆಗೆ ಕೇಳಬೇಕಾದ ಮೂರು ಪ್ರಶ್ನೆಗಳು

(ಬಾನುಲಿ ಭಾಷಣ)

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಇಂದು ಕೈಗಾರಿಕಾ ಪ್ರದೇಶವೆಂದು ಹೆಸರಾಗಿದೆ. ನನ್ನ ನೆನಪಿನಲ್ಲಿರುವುದು ಅದಕ್ಕೂ ಹಿಂದಿನ ಬೇಸಾಯದ ಊರು. ಸುಗ್ಗಿ ಮುಗಿಯುವ ಹೊತ್ತಿಗೆ ಆ ಸೀಮೆಯ ರೈತರು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೊರಡುತ್ತಿದ್ದರು. ಒಮ್ಮೆ ನಾನೂ ನಮ್ಮ ದೊಡ್ಡಪ್ಪನವರ ಬೆನ್ನು ಹತ್ತಿ ಹೋಗಿದ್ದೆ. ಹಳ್ಳಿಕಾರ್ ತಳಿಯ ಒಂದು ಹೋರಿಯ ಮುಂದೆ ನಿಂತು ಅವರು ಮೊದಲು ಕೇಳಿದ್ದು, “ಇದು ಯಾರ ಮನೆಯ ಹೋರಿಗೆ ಹುಟ್ಟಿದ ಕರು?” ಎಂದು. ಆಮೇಲೆ ಹಲ್ಲು ಎಣಿಸಿದರು, ಕೊಂಬು ಸವರಿದರು, ಮೈಮೇಲಿನ ಸುಳಿಗಳನ್ನು ನೋಡಿದರು. ಕಡೆಗೆ, “ಎಲ್ಲಿ, ಗಾಡಿಗೆ ಕಟ್ಟು, ನೋಡೋಣ” ಎಂದರು. ಸುಳಿಶುದ್ಧವಾಗಿದ್ದ ಆ ಹೋರಿ ನೊಗ ಕೊರಳಿಗೆ ಬಿದ್ದೊಡನೆ ಮಲಗಿಬಿಟ್ಟಿತು. ದೊಡ್ಡಪ್ಪ ಮಾತಿಲ್ಲದೆ ಮುಂದೆ ನಡೆದರು.

ಹುಟ್ಟು ಯಾವುದು, ರೂಪ ಹೇಗಿದೆ, ಕೆಲಸ ಎಷ್ಟು? ಶುದ್ಧ ತಳಿಯ ಸವಾರಿ ಕುದುರೆಯನ್ನು ಸಂತಾನವೃದ್ಧಿಗೆ ಯೋಗ್ಯವೆಂದು ಅಂಗೀಕರಿಸುವ ಜಗತ್ತಿನ ಎಲ್ಲ ಪದ್ಧತಿಗಳೂ ಈ ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತವೆ ಎಂಬುದು ನನಗೆ ಬಹಳ ಕಾಲದ ನಂತರ ತಿಳಿಯಿತು. ಯಾವ ಪ್ರಶ್ನೆಗೆ ಎಷ್ಟು ಬೆಲೆ ಎಂಬಲ್ಲಿ ಮಾತ್ರ ಅವು ಬೇರೆಯಾಗುತ್ತವೆ.

ಮೊದಲನೆಯದು ಹುಟ್ಟಿನ ಪ್ರಶ್ನೆ. ನಮ್ಮ ನಾಡಿನಲ್ಲಿ ಇದಕ್ಕೆ ಉದಾಹರಣೆ ತುಮಕೂರು ಜಿಲ್ಲೆಯ ಕುಣಿಗಲ್. ಟಿಪ್ಪುವಿನ ಕಾಲದಿಂದ ಹೆಸರು ಪಡೆದ ಅಲ್ಲಿನ ಕುದುರೆ ಫಾರಂ ಕಾಲಾಂತರದಲ್ಲಿ ಪಂದ್ಯದ ಥರೋಬ್ರೆಡ್ ಕುದುರೆಗಳ ನೆಲೆಯಾಯಿತು. ಈ ತಳಿಯ ವಂಶಾವಳಿ ಗ್ರಂಥವನ್ನು ಇಂಗ್ಲೆಂಡಿನಲ್ಲಿ ಜೇಮ್ಸ್ ವೆದರ್‌ಬಿ 1791ರಲ್ಲಿ ಆರಂಭಿಸಿದ. ಇಂದಿನ ಥರೋಬ್ರೆಡ್‌ಗಳೆಲ್ಲವುಗಳ ಗಂಡು ಸಂತತಿಯ ಎಳೆ ಹಿಂದೆ ಸರಿದು ಮೂರೇ ಗಂಡು ಕುದುರೆಗಳನ್ನು ಮುಟ್ಟುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಭಾರತದಲ್ಲಿ ಈ ದಫ್ತರವನ್ನು ಕಾಪಾಡುವ ಪ್ರಾಧಿಕಾರ ಪುಣೆಯಲ್ಲಿದೆ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಗೆ ಆ ಗ್ರಂಥದಲ್ಲಿ ಸ್ಥಾನವಿಲ್ಲ. ತಂದೆ ತಾಯಿ ಯಾರೆಂಬುದು ಡಿಎನ್‌ಎ ಪರೀಕ್ಷೆಯಿಂದ ಸ್ಥಿರಪಡಬೇಕು. ಆದರೆ ಕುದುರೆಯ ಕಿವಿ ಹೇಗಿರಬೇಕು, ಕೊರಳು ಎಷ್ಟು ಬಾಗಿರಬೇಕು ಎಂಬ ಗೊಡವೆ ಅದಕ್ಕಿಲ್ಲ. ಆ ತೀರ್ಪನ್ನು ಅದು ಪಂದ್ಯದ ಮೈದಾನಕ್ಕೂ ಕೊಳ್ಳುವವರ ಕಣ್ಣಿಗೂ ಬಿಟ್ಟುಕೊಟ್ಟಿದೆ.

ಎರಡನೆಯದು ರೂಪದ ಪ್ರಶ್ನೆ. ಇದರಲ್ಲಿ ನಮ್ಮ ಹಿರಿಯರು ಯಾರಿಗೂ ಕಡಮೆಯವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಶ್ವಲಕ್ಷಣದ ವಿವರಣೆಯುಂಟು. ಅಭಿನವಚಂದ್ರ ಕನ್ನಡದಲ್ಲಿಯೇ ಅಶ್ವಶಾಸ್ತ್ರವನ್ನು ಬರೆದ. ಬಣ್ಣ, ಅಂಗಸೌಷ್ಠವ, ಸುಳಿ ಇವುಗಳಿಂದ ಕುದುರೆಯ ಶುಭಾಶುಭಗಳನ್ನು ಹೇಳುವುದು ಈ ಪರಂಪರೆಯ ರೀತಿ. ರಾಜಸ್ಥಾನದ ಮಾರ್ವಾಡಿ ಕುದುರೆಯನ್ನು ಕೊಳ್ಳುವವರು ಇಂದಿಗೂ ಸುಳಿ ನೋಡುತ್ತಾರೆ. ಒಳಕ್ಕೆ ಬಾಗಿ ತುದಿಗಳು ಒಂದನ್ನೊಂದು ಮುಟ್ಟುವ ಅದರ ಕಿವಿಗಳೇ ಆ ತಳಿಯ ಗುರುತು. ಕಣ್ಣಿಗೆ ಇದು ಹಬ್ಬ, ನಿಜ. ಆದರೆ ಕಿವಿಯ ಅಂದಕ್ಕಾಗಿಯೇ ಬೀಜದ ಕುದುರೆಯನ್ನು ಆರಿಸುತ್ತ ಹೋದರೆ ಕಾಲಿನ ಗಟ್ಟಿತನವನ್ನು ನೋಡುವವರು ಯಾರು?

ಹುಟ್ಟಿನ ಶುದ್ಧಿಯೊಂದೇ ಸಾಕೆನ್ನುವವರಿಗೂ ಒಂದು ಎಚ್ಚರಿಕೆ ಇದೆ. ಅರಬ್ಬಿ ಕುದುರೆಗಳಲ್ಲಿ ಒಂದು ಆನುವಂಶಿಕ ದೋಷವುಂಟು. ಅದರ ಒಂದು ಪ್ರತಿಯನ್ನು ಮಾತ್ರ ಹೊತ್ತ ತಂದೆ, ತಾಯಿ ಆರೋಗ್ಯವಾಗಿಯೇ ಇರುತ್ತವೆ. ಇಬ್ಬರಿಂದಲೂ ಅದನ್ನು ಪಡೆದ ಮರಿಯ ಮೈಯಲ್ಲಿ ರೋಗವನ್ನು ತಡೆಯುವ ಶಕ್ತಿಯೇ ಇರದು. ಹುಟ್ಟಿದ ಕೆಲವೇ ತಿಂಗಳಲ್ಲಿ ಅದು ಸಾಯುತ್ತದೆ. ವಂಶಾವಳಿಯ ಪುಟದಲ್ಲಿ ಕಲೆಯಿಲ್ಲ; ರಕ್ತದೊಳಗೆ ಕಲೆ ಅಡಗಿದೆ. ಇದನ್ನು ಕಂಡುಹಿಡಿಯುವ ಪರೀಕ್ಷೆ 1997ರಿಂದ ದೊರೆತ ಮೇಲೆ, ದೋಷವನ್ನು ಹೊತ್ತ ಎರಡು ಕುದುರೆಗಳನ್ನು ಕೂಡಿಸದೆ ಇರುವುದು ಸಾಧ್ಯವಾಯಿತು.

ಮೂರು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿದ ತಳಿಯೊಂದನ್ನು ನೋಡಬೇಕಾದರೆ ದೂರದ ಪೂರ್ವ ಪ್ರಷ್ಯಕ್ಕೆ ಹೋಗಬೇಕು. ಅಲ್ಲಿ 1732ರಲ್ಲಿ ಒಂದನೆಯ ಫ್ರೆಡರಿಕ್ ವಿಲಿಯಂ ಸ್ಥಾಪಿಸಿದ ಅಶ್ವಶಾಲೆಯಿಂದ ಟ್ರಾಕೇನರ್ ಎಂಬ ಸವಾರಿ ಕುದುರೆ ಬಂತು. ಅದರ ವಂಶಾವಳಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದು. ಅರಬ್ಬಿ, ಥರೋಬ್ರೆಡ್ ಮುಂತಾದ ಕೆಲವೇ ರಕ್ತಗಳಿಗೆ ಪ್ರವೇಶ. ಒಳಗೆ ಹುಟ್ಟಿದ ಗಂಡು ಮರಿಗೂ ಹುಟ್ಟಿನಿಂದಲೇ ತಂದೆಯಾಗುವ ಹಕ್ಕು ಬರುವುದಿಲ್ಲ. ಎರಡೂವರೆ ವರ್ಷದ ಪ್ರಾಯದಲ್ಲಿ ಅದು ಪರೀಕ್ಷಕರ ಮುಂದೆ ಗಟ್ಟಿ ನೆಲದ ಮೇಲೆ ನಡೆದು ತೋರಿಸಬೇಕು, ಸವಾರನಿಲ್ಲದೆ ಓಡಬೇಕು, ತಡೆಗಳನ್ನು ಹಾರಬೇಕು, ಪಶುವೈದ್ಯರ ಕೈಯಿಂದ ಪಾರಾಗಬೇಕು. ಅಂಗೀಕಾರ ದೊರೆತ ಮೇಲೂ ಜೀನಿನ ಕೆಳಗೆ ಸಾಮರ್ಥ್ಯದ ಪರೀಕ್ಷೆ ಕಾದಿರುತ್ತದೆ. ಬಹುಪಾಲು ಮರಿಗಳು ನಡುದಾರಿಯಲ್ಲಿಯೇ ಉಳಿಯುತ್ತವೆ. ಒಳ್ಳೆಯ ಸವಾರಿ ಕುದುರೆಗಳಾಗಿ ಬಾಳುತ್ತವೆ, ತಂದೆಗಳಾಗುವುದಿಲ್ಲ.

ಆ ತಳಿಗೆ ಅತ್ಯಂತ ಕಠಿಣವಾದ ಪರೀಕ್ಷೆಯನ್ನು ಒಡ್ಡಿದ್ದು ಪರೀಕ್ಷಕರಲ್ಲ, ಇತಿಹಾಸ. 1945ರ ಚಳಿಗಾಲದಲ್ಲಿ ಯುದ್ಧದಿಂದ ಓಡಿಬಂದ ಸಂಸಾರಗಳ ಗಾಡಿಗಳನ್ನು ಈ ಕುದುರೆಗಳು ಹೆಪ್ಪುಗಟ್ಟಿದ ಹಿನ್ನೀರಿನ ಮೇಲೆ ಪಶ್ಚಿಮಕ್ಕೆ ಎಳೆದುವು. ಅವುಗಳಲ್ಲಿ ಬಸಿರಾದವೂ ಇದ್ದುವು. ಸಾವಿರಾರು ಕುದುರೆಗಳಲ್ಲಿ ಗುರಿ ಮುಟ್ಟಿದವು ಸ್ವಲ್ಪವೇ. ಅವುಗಳ ಮೈಮೇಲಿನ ಮುದ್ರೆಯನ್ನೂ ಒಡೆಯರ ನೆನಪನ್ನೂ ಆಧಾರ ಮಾಡಿಕೊಂಡು 1947ರಲ್ಲಿ ಹೊಸ ಸಂಘವೊಂದು ವಂಶಾವಳಿಯನ್ನು ಮತ್ತೆ ಬರೆಯತೊಡಗಿತು. ಪುಸ್ತಕ ಕುದುರೆಯನ್ನು ಉಳಿಸಿತೋ, ಕುದುರೆ ಪುಸ್ತಕವನ್ನು ಉಳಿಸಿತೋ ಹೇಳುವುದು ಕಷ್ಟ.

ಇದನ್ನು ಓದುವಾಗ ನಮ್ಮ ನಾಡಿನ ಸಂಗತಿ ನೆನಪಾಗಿ ಮನಸ್ಸು ಭಾರವಾಗುತ್ತದೆ. ವಿಜಯನಗರದ ಅರಸರು ಹಡಗುಗಳಲ್ಲಿ ಕುದುರೆ ತರಿಸುತ್ತಿದ್ದರು. ಸಾಳುವ ನರಸಿಂಹನ ಕಾಲದಲ್ಲಿ ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅದಕ್ಕೆ ಬದುಕಿದ ಕುದುರೆಯ ಬೆಲೆಯೇ ಸಲ್ಲುತ್ತಿತ್ತೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಹೊರಗಿನ ಕುದುರೆಯ ಬಾಲಕ್ಕೂ ಹೊನ್ನು ಸಂದ ನೆಲದಲ್ಲಿ, ಮನೆಯ ಕುದುರೆಗೆ ಒಂದು ಪುಟದ ದಾಖಲೆಯೂ ದೊರೆಯಲಿಲ್ಲ. ಭೀಮಾ ನದಿಯ ದಡದ ಭೀಮಥಡಿ ಎಂಬ ದಖ್ಖನಿನ ತಳಿ ಮರಾಠರ ರಾವುತರನ್ನು ಹೊತ್ತು ಮೆರೆದದ್ದು. ನಮ್ಮ ‘ತಡಿ’ ಎಂಬ ಮಾತಿಗೂ ದಡವೆಂಬ ಅರ್ಥವುಂಟು, ಜೀನೆಂಬ ಅರ್ಥವೂ ಉಂಟು. ಆ ಕುದುರೆಗೆ ಎರಡೂ ಒಪ್ಪುತ್ತವೆ. ದಂಡುಗಳ ಕಾಲ ಮುಗಿದ ಮೇಲೆ ಅದು ಕಣ್ಮರೆಯಾಯಿತೆಂದೇ ಅನೇಕರು ತಿಳಿದಿದ್ದರು. ಅದನ್ನು ಉಳಿಸಿಕೊಂಡವರು ಊರಿಂದೂರಿಗೆ ಕುರಿ ಅಟ್ಟಿಕೊಂಡು ಹೋಗುವ ಧನಗರರು. ಅವರ ಬಿಡಾರದ ಸಾಮಾನನ್ನು ಹೊತ್ತು ಅದು ಬದುಕಿತು. ತೀರ ಇತ್ತೀಚೆಗೆ, ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ದೇಶದ ಎಂಟನೆಯ ಕುದುರೆ ತಳಿಯೆಂದು ನೋಂದಾಯಿಸಿತು.

ನೋಂದಣಿ ಎಂಬುದು ಹೆಸರಿಡುವ ಶಾಸ್ತ್ರ ಮಾತ್ರ. ಬಾಳಿಸುವ ಹೊಣೆ ಇನ್ನು ಮುಂದಿನದು. ಈ ಮರಿ ಯಾವುದರದು ಎಂದು ಬರೆದಿಡುವವರು ಬೇಕು. ಚೆಂದದ ಬಣ್ಣಕ್ಕೂ ಸುಳಿಗೂ ಮರುಳಾಗದೆ ಗೊರಸನ್ನೂ ಉಸಿರನ್ನೂ ನೋಡುವ ಪರೀಕ್ಷಕರು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅದಕ್ಕೆ ಕೆಲಸ ಕೊಡುವವರು ಬೇಕು. ಕೆಲಸವಿಲ್ಲದ ತಳಿ ಕಡೆಗೆ ಪ್ರದರ್ಶನದ ವಸ್ತುವಾಗುತ್ತದೆ.

ಘಾಟಿಯ ಆ ಸಂಜೆ ದೊಡ್ಡಪ್ಪ ಬೇರೊಂದು ಹೋರಿಯನ್ನು ಹಿಡಿದುಕೊಂಡು ಬಂದರು. ಅದರ ಬೆನ್ನಿನ ಸುಳಿ ಸರಿಯಿಲ್ಲವೆಂದು ನೆರೆಯವರು ಮೂಗು ಮುರಿದರು. ದೊಡ್ಡಪ್ಪ ನಕ್ಕು, “ಸುಳಿ ನೋಡಿ ಬೆಲೆ ಕೇಳಬೇಕು ಕಣಪ್ಪ, ನೊಗ ಹೂಡಿ ಬೆಲೆ ಕೊಡಬೇಕು” ಎಂದರು. ಆ ಎತ್ತು ನಮ್ಮ ಹೊಲವನ್ನು ಹನ್ನೊಂದು ವರ್ಷ ಉತ್ತಿತು.