ಚಿತ್ರವೂ ಒಂದು ಮಾತೇ



2002ರಲ್ಲಿ ಹಿಮಾಚಲ ಪ್ರದೇಶದ ಮನಾಲಿ–ರೋಹ್ತಾಂಗ್ ಹೆದ್ದಾರಿಯ ಬಂಡೆಗಳ ಮೇಲೆ ತಂಪು ಪಾನೀಯಗಳ ಜಾಹೀರಾತುಗಳನ್ನು ಬಣ್ಣದಲ್ಲಿ ಬರೆಸಿದ್ದ ಸಂಗತಿ ಪತ್ರಿಕಾ ವರದಿಯ ಮೂಲಕ ಸುಪ್ರೀಂ ಕೋರ್ಟಿನ ಗಮನಕ್ಕೆ ಬಂದು, ಸಂಬಂಧಿಸಿದವರಿಗೆ ನೋಟಿಸು ಜಾರಿಯಾಯಿತು. ಆ ಬಣ್ಣ ಎಲ್ಲರ ಕಣ್ಣಿಗೂ ಕಾಣುವ ಗಾಯವಾಗಿತ್ತು. ಈಗ ಬೆಟ್ಟದ ಮೇಲೆ ಜಾಹೀರಾತು ಬರೆಯಬೇಕಾಗಿಲ್ಲ. ಬೆಟ್ಟದ ಚಿತ್ರವನ್ನೇ ಪೊಟ್ಟಣದ ಮೇಲೆ ಅಚ್ಚು ಹಾಕಿದರೆ ಸಾಕು. ಸಾಬೂನು, ಶಾಂಪೂ, ಬಾಟಲಿ ನೀರು, ಚಹಾ ಎಲ್ಲದರ ಮೇಲೂ ಹಸಿರು ಕಣಿವೆ ಮತ್ತು ಧುಮುಕುವ ಝರಿ. ಈ ಗಾಯ ಕಣ್ಣಿಗೆ ಕಾಣುವುದಿಲ್ಲ.

ಕಾನೂನು ಸುಮ್ಮನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. 2024ರ ಅಕ್ಟೋಬರ್‌ನಲ್ಲಿ ಬಂದ ಮಾರ್ಗಸೂಚಿಯಂತೆ ‘ಪರಿಸರಸ್ನೇಹಿ’, ‘ಹಸಿರು’, ‘ನೈಸರ್ಗಿಕ’ ಎಂಬ ಮಾತುಗಳನ್ನು ತಕ್ಕ ವಿವರಣೆ ಮತ್ತು ಪುರಾವೆಗಳಿಲ್ಲದೆ ಬಳಸುವಂತಿಲ್ಲ. ಆದರೆ ಅದೇ ಮಾರ್ಗಸೂಚಿಯು ಸಾಮಾನ್ಯ ಬಣ್ಣ ಮತ್ತು ಚಿತ್ರಗಳನ್ನು, ಅವು ವಂಚನೆಯ ಮಟ್ಟ ಮುಟ್ಟದಿದ್ದರೆ, ಹೊರಗಿಟ್ಟಿದೆ. ಮಾತಿಗೆ ಪುರಾವೆ ಕೇಳಿದಷ್ಟು ಸುಲಭವಾಗಿ ಚಿತ್ರಕ್ಕೆ ಕೇಳಲಾಗದು. ಅಲ್ಲಿ ಪ್ರಶ್ನಿಸಬೇಕಾದವರು ಗ್ರಾಹಕರಾದ ನಾವೇ.

ಅಕ್ಷರಶಃ ನಿಜವಾದ ಮಾತೂ ದಾರಿ ತಪ್ಪಿಸಬಲ್ಲದು. ‘ಕಾಂಪೋಸ್ಟ್ ಆಗುವ’ ಚೀಲವನ್ನು ಪರೀಕ್ಷಿಸುವುದು ಕೈಗಾರಿಕಾ ಗೊಬ್ಬರ ಘಟಕದ ಹೆಚ್ಚಿನ ಉಷ್ಣತೆಯಲ್ಲಿ. ಅದೇ ಚೀಲ ನಮ್ಮ ತಣ್ಣನೆಯ ಹಳ್ಳಕ್ಕೆ ಬಿದ್ದರೆ ಹಾಗೆ ಕರಗುತ್ತದೆಂಬ ಭರವಸೆಯಿಲ್ಲ. ‘ಮರುಬಳಕೆಗೆ ಯೋಗ್ಯ’ ಎಂದರೆ ಮರುಬಳಕೆಯಾಯಿತು ಎಂದರ್ಥವಲ್ಲ. ಸಂಗ್ರಹಿಸುವವರಿಲ್ಲದ ಊರಿನಲ್ಲಿ ಆ ಯೋಗ್ಯತೆಗೆ ಬೆಲೆಯಿಲ್ಲ. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿದ ಚಿಕ್ಕ ಪೊಟ್ಟಣಗಳನ್ನು ಬೇರ್ಪಡಿಸುವುದಂತೂ ಬಹು ಕಷ್ಟ. ಪೊಟ್ಟಣದ ಮೇಲೆ ಝರಿಯ ಚಿತ್ರ, ಝರಿಯಲ್ಲಿ ಅದೇ ಪೊಟ್ಟಣ: ಈ ವಿಪರ್ಯಾಸವನ್ನು ಮಳೆಗಾಲದ ಮೊದಲ ನೆರೆ ವರ್ಷವರ್ಷವೂ ನಮಗೆ ತೋರಿಸುತ್ತದೆ.

ಪರರಿಗೆ ಹಿಡಿದ ಕನ್ನಡಿಯನ್ನು ನಮ್ಮತ್ತಲೂ ತಿರುಗಿಸೋಣ. ಜೇನು, ಮುರುಗಲು, ಅರಿಶಿನಗಳನ್ನು ಮಾರುವ ಸಂಘಗಳು ನಮ್ಮಲ್ಲೂ ಇವೆ. ಪೆಟ್ಟಿಗೆಯಲ್ಲಿ ಸಾಕಿದ ಜೇನಿಗೆ ‘ಕಾಡುಜೇನು’ ಎಂದು ಚೀಟಿ ಅಂಟಿಸಿದರೆ, ಪರಿಮಾಣ ಚಿಕ್ಕದಾದರೂ ಅದು ಸುಳ್ಳೇ. ಸಾವಯವವೆಂದು ಬರೆಯುವ ಮುನ್ನ ಪ್ರಮಾಣಪತ್ರವಿರಲಿ; ಇಲ್ಲವಾದರೆ ಯಾವ ಊರಿನದು, ಹೇಗೆ ಬೆಳೆದದ್ದು ಎಂಬುದನ್ನಷ್ಟೇ ಬರೆಯೋಣ. ಮಾರಾಟ ತುಸು ಕುಗ್ಗೀತು, ನಂಬಿಕೆ ಕುಗ್ಗಲಾರದು.

ಕೊಳ್ಳುವಾಗ ಪೊಟ್ಟಣದ ಮುಂಭಾಗಕ್ಕಿಂತ ಮೊದಲು ಹಿಂಭಾಗವನ್ನು ಓದಿರಿ. ಸಂಶಯ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಿರಿ. ಬೆಟ್ಟದ ಹೆಸರಿನಲ್ಲಿ ಮಾರುವವರು ಬೆಟ್ಟಕ್ಕೆ ಏನು ಮರಳಿಸಿದ್ದಾರೆಂದು ಕೇಳುವ ಹಕ್ಕು ಇಲ್ಲಿ ಬಾಳುವ ನಮಗಿದೆ.