ಹೆಂಗಸರ ರಕ್ತಹೀನತೆ: ರೈತರೊಡನೆ ನಾಲ್ಕು ಮಾತು

(ಗ್ರಾಮಸೇವಕರ ಭಾಷಣ)



ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿರೆಂದು ನಾನು ನಿಮ್ಮನ್ನು ಪೀಡಿಸುವುದು ನಿಮಗೆ ಗೊತ್ತೇ ಇದೆ. ಕೆರೆಯ ಕೆಳಗಿನ ಗದ್ದೆಯ ಮಣ್ಣನ್ನು ಪರೀಕ್ಷಿಸಿ, ಆ ಲೆಕ್ಕದಿಂದ ದಿಣ್ಣೆಯ ಹೊಲಕ್ಕೆ ಗೊಬ್ಬರ ಹಾಕುವವನನ್ನು ಕಂಡರೆ ನೀವೇ ನಗುತ್ತೀರಿ. ಆದರೆ ಮನೆಯಲ್ಲಿ ಗಂಡಸಿನ ಮೈಯ ಅಳತೆಯಿಂದಲೇ ಹೆಂಗಸಿನ ಆರೋಗ್ಯವನ್ನೂ ಅಳೆಯುತ್ತೇವೆ. "ನನಗಿಲ್ಲದ ಆಯಾಸ ಅವಳಿಗೇಕೆ?" ಎನ್ನುತ್ತೇವೆ.

ಇದಕ್ಕೆ ಉತ್ತರ ಸಿಕ್ಕಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 1998-99ರಲ್ಲಿ ಹೆಂಗಸರು ಮಕ್ಕಳ ರಕ್ತವನ್ನೂ, 2005-06ರಲ್ಲಿ ಗಂಡಸರ ರಕ್ತವನ್ನೂ ಪರೀಕ್ಷಿಸಿತು. ಬೇರೆ ಬೇರೆಯಾಗಿ ಅಳೆದುದರಿಂದಲೇ ಅಂತರ ಕಂಡಿತು. 2019-21ರ ಸಮೀಕ್ಷೆಯಂತೆ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25 ಮಂದಿಗೆ. 2015-16ರಲ್ಲಿ ಹೆಂಗಸರ ಸಂಖ್ಯೆ 53 ಇತ್ತು. ಇಳಿಯುವ ಬದಲು ಏರಿತು! ನಮ್ಮ ಕರ್ನಾಟಕದಲ್ಲಿಯೂ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ಇದೇ ಪಾಡು.

ಮುಟ್ಟು, ಬಸಿರು, ಹೆರಿಗೆಗಳಲ್ಲಿ ಹೆಂಗಸಿನ ಮೈಯಿಂದ ಕಬ್ಬಿಣದ ಅಂಶ ಹೋಗುತ್ತಲೇ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರ 2020ರ ಲೆಕ್ಕದಂತೆ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕು, ಹೆಂಗಸಿಗೆ 29 ಬೇಕು. ಅಂದರೆ ಒಂದೂವರೆ ಪಟ್ಟು. ಅವಳಿಗೆ ಸಿಕ್ಕುವುದೇನು? ಗಂಡಸರು ಉಂಡು, ಮಕ್ಕಳು ಉಂಡು, ಕಾಳೆಲ್ಲ ಮುಗಿದ ಮೇಲೆ ಪಾತ್ರೆಯ ತಳದ ತಿಳಿಸಾರು. ಕರೆಯುವ ಹಸುವಿಗೆ ನಾವು ಒಂದು ಹಿಡಿ ಹಿಂಡಿ ಹೆಚ್ಚಿಗೆ ಹಾಕುತ್ತೇವೆ. ಹೋಲಿಕೆ ಒರಟಾಯಿತು, ತಾಯಂದಿರು ಮನ್ನಿಸಬೇಕು. ಆದರೆ ಕೊಟ್ಟಿಗೆಯಲ್ಲಿರುವ ನ್ಯಾಯ ಅಡಿಗೆಮನೆಯಲ್ಲಿಲ್ಲ.

ಆದ್ದರಿಂದ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ನುಗ್ಗೆಸೊಪ್ಪು, ಹುರುಳಿ, ಹೆಸರುಕಾಳು ಅವಳ ತಟ್ಟೆಗೂ ಬೀಳಲಿ. ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ತಡೆಯಿರಿ. ಆದರೆ ಬಸುರಿಗೆ ಊಟವೊಂದೇ ಸಾಲದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆಯಾಗಿ ಸಿಕ್ಕುವ ಕಬ್ಬಿಣದ ಮಾತ್ರೆಯನ್ನು ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಮಲ ಕಪ್ಪಾಗುತ್ತದೆಂದು ಎಷ್ಟೋ ಮನೆಗಳಲ್ಲಿ ಅತ್ತೆಯಂದಿರು ಮಾತ್ರೆ ಬಿಡಿಸುತ್ತಾರೆ. ಅದು ಕಬ್ಬಿಣದ ಬಣ್ಣ, ಭಯವಿಲ್ಲ.

ಇನ್ನೊಂದು ಮಾತು. ಸಮೀಕ್ಷೆಯವರು ನಿಮ್ಮ ಮನೆಗೂ ಬರಬಹುದು. 2019-21ರ ಸಮೀಕ್ಷೆಯಲ್ಲಿ ತೆಗೆದದ್ದು ಬೆರಳ ತುದಿಯ ಕೆಲವು ಹನಿ ರಕ್ತ ಮಾತ್ರ. ಹೆಂಗಸರನ್ನು ಹೆಂಗಸರೇ ಪ್ರತ್ಯೇಕವಾಗಿ ಪ್ರಶ್ನೆ ಕೇಳುತ್ತಾರೆ. ಅವಳ ಪರವಾಗಿ ನೀವು ಉತ್ತರ ಹೇಳಬೇಡಿ. ಅಷ್ಟು ಹೊತ್ತು ಎತ್ತಿಗೆ ನೀರು ಕುಡಿಸಿಕೊಂಡು ಬನ್ನಿ.